ಹಳೆಯ ಸ್ನ್ಯಾಪ್‌ಶಾಟ್ ಅಳಿಸುವ ಸ್ಕ್ರಿಪ್ಟ್ ಬರೆಯುವ ಮೊದಲು

ಪ್ರಶ್ನೆ: ನಾನು ಬದಿಯಡ್ಕದವನು. ಕಾಸರಗೋಡು ಪೇಟೆಯ ಒಂದು ಸಣ್ಣ ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುತ್ತೇನೆ. ಉಬುಂಟು ಹಾಕಿದ ಒಂದೇ ಯಂತ್ರ, ಅದರ ಮೇಲೆ ಕೆವಿಎಂ ಎಂಬ ತಂತ್ರಾಂಶದಲ್ಲಿ 11 ವರ್ಚುವಲ್ ಮೆಷಿನ್‌ಗಳು (ವಿಎಂಗಳು), ಅಂದರೆ ಒಂದೇ ಯಂತ್ರದೊಳಗೆ ಓಡುವ ಬೇರೆ ಬೇರೆ ಕಂಪ್ಯೂಟರ್‌ಗಳು. ಲೆಕ್ಕಪತ್ರದ ತಂತ್ರಾಂಶ, ಮುದ್ರಣಕ್ಕೆ ಹೋಗುವ ಪುಟಗಳು, ಹಳೆಯ ಯಕ್ಷಗಾನ, ತಾಳಮದ್ದಳೆಗಳ ರೆಕಾರ್ಡಿಂಗ್, ಎಲ್ಲವೂ ಅಲ್ಲೇ. ಡಿಸ್ಕ್ 4 ಟಿಬಿ. ವಿಎಂಗಳಿಗೆ ಕ್ಯೂಕೌ2 ಫೈಲ್‌ಗಳಾಗಿ (ಇವೇ ಅವುಗಳ ಡಿಸ್ಕ್‌ಗಳು) ಹಂಚಿದ್ದು ಒಟ್ಟು 6.5 ಟಿಬಿ. ಕಳೆದ ತಿಂಗಳು ಒಂದು ರಾತ್ರಿ ಮೂರು ವಿಎಂಗಳು ಸ್ತಬ್ಧವಾದವು, ಉಳಿದ ಎಂಟು ಏನೂ ಆಗದವರಂತೆ ನಡೆಯುತ್ತಿದ್ದವು. ವಿಎಂನ ಡಿಸ್ಕ್ ಶೇ. 90 ತುಂಬಿದ ಕೂಡಲೇ ತಾನಾಗಿ ದೊಡ್ಡದು ಮಾಡುವ, 30 ದಿನಕ್ಕಿಂತ ಹಳೆಯ ಸ್ನ್ಯಾಪ್‌ಶಾಟ್ ಫೈಲ್‌ಗಳನ್ನು (ಒಂದು ಕ್ಷಣದ ಡಿಸ್ಕ್ ಸ್ಥಿತಿಯನ್ನು ಹಿಡಿದಿಟ್ಟವು) ತಾನಾಗಿ ಅಳಿಸುವ ಸ್ಕ್ರಿಪ್ಟ್ ಒಂದನ್ನು ಬರೆದು ಪ್ರತಿ ರಾತ್ರಿ ಓಡಿಸಬೇಕೆಂದಿದ್ದೇನೆ. ಸರಿಯಾದೀತೇ? ನಮ್ಮ ಕಡೆಯ ಮಳೆಗಾಲದ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಸ್ಕ್ರಿಪ್ಟ್ ನಡುವೆ ನಿಂತುಹೋದರೆ ಏನಾದೀತು?

ಉತ್ತರ: ನಿಮ್ಮ ಯೋಜನೆಯ ಮೊದಲ ಅರ್ಧವನ್ನು ಕೆಲವು ಬೇಲಿಗಳೊಂದಿಗೆ ಮಾಡಬಹುದು. ಎರಡನೆಯ ಅರ್ಧವನ್ನು, ಅಂದರೆ 30 ದಿನದ ಲೆಕ್ಕ ಹಿಡಿದು ಅಳಿಸುವುದನ್ನು, ದಯವಿಟ್ಟು ಇವತ್ತೇ ಕೈಬಿಡಿ. ಕಾರಣ ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಆ ರಾತ್ರಿ ಏನಾಯಿತು ಎಂಬುದು ಗೊತ್ತಾಗಬೇಕು. ಅದು ಗೊತ್ತಿಲ್ಲದೆ ಬರೆದ ಸ್ಕ್ರಿಪ್ಟ್ ಇನ್ನೊಂದು ರಾತ್ರಿ ಹನ್ನೊಂದನ್ನೂ ನಿಲ್ಲಿಸೀತು.

ಮೂರು ನಿಂತು ಎಂಟು ನಡೆದದ್ದರಲ್ಲಿಯೇ ಉತ್ತರವಿದೆ. ತುಂಬಿದ್ದು ವಿಎಂಗಳ ಒಳಗಿನ ಡಿಸ್ಕ್ ಅಲ್ಲ, ಹೊರಗಿನ ನಿಮ್ಮ 4 ಟಿಬಿ. ಕ್ಯೂಕೌ2 ಫೈಲ್ ಬೇಕಾದಾಗಲಷ್ಟೇ ಬೆಳೆಯುತ್ತದೆ. ಸಾಮಾನ್ಯವಾಗಿ 64 ಕೆಬಿಯ ತುಂಡು ತುಂಡಾಗಿ. ಹೊಸ ತುಂಡು ಕೇಳಿದ ವಿಎಂಗೆ ಹೋಸ್ಟ್, ಅಂದರೆ ವಿಎಂಗಳನ್ನು ಹೊತ್ತ ನಿಮ್ಮ ಯಂತ್ರ, "ಜಾಗವಿಲ್ಲ" ಎಂದಿತು. ಆಗ ವಿಎಂಗಳನ್ನು ಓಡಿಸುವ ಕ್ಯೂಎಮು ಆ ತಪ್ಪನ್ನು ಒಳಗಿನ ಆಪರೇಟಿಂಗ್ ಸಿಸ್ಟಂಗೆ ದಾಟಿಸದೆ ಇಡೀ ವಿಎಂ ಅನ್ನು ಇದ್ದಲ್ಲೇ ತಡೆದು ನಿಲ್ಲಿಸುತ್ತದೆ. ಅದರ ಮೂಲ ಗುಣವೇ ಅದು, ಯಾರೂ ಹೇಳಿಕೊಡಬೇಕಿಲ್ಲ. ಉಳಿದ ಎಂಟು ವಿಎಂಗಳು ಆ ಹೊತ್ತಿನಲ್ಲಿ ಹಿಂದೆ ಬರೆದ ಜಾಗದ ಮೇಲೆಯೇ ಮತ್ತೆ ಬರೆಯುತ್ತಿದ್ದಿರಬೇಕು. ಅವಕ್ಕೆ ಹೊಸ ತುಂಡು ಬೇಕಾಗಲಿಲ್ಲ, ಹಾಗಾಗಿ ಬದುಕಿದವು. ಇದು ನಿಮ್ಮ ಪುಣ್ಯ. ಹೀಗೆ ನಿಂತ ವಿಎಂ ಕೆಟ್ಟಿರುವುದಿಲ್ಲ, ಕಾಯುತ್ತಿರುತ್ತದೆ ಅಷ್ಟೆ. ವಿಎಂಗಳಿಗೆ ಆದೇಶ ಕೊಡುವ ವಿರ್ಶ್‌ನಲ್ಲಿ ಡೊಮ್‌ಸ್ಟೇಟ್ ಆದೇಶಕ್ಕೆ 'ರೀಸನ್' ಆಯ್ಕೆ ಸೇರಿಸಿ ಕೇಳಿದರೆ ಅದು ತಾತ್ಕಾಲಿಕವಾಗಿ ತಡೆದು ನಿಂತಿದೆ, ಕಾರಣ ಐ/ಓ (ಓದು-ಬರಹದ) ದೋಷ ಎಂದು ಹೇಳುತ್ತದೆ. ಹೋಸ್ಟ್‌ನಲ್ಲಿ ಜಾಗ ಮಾಡಿಕೊಟ್ಟು 'ರೆಸ್ಯೂಮ್' ಎಂದರೆ ಬಿಟ್ಟಲ್ಲಿಂದ ನಡೆಯುತ್ತದೆ. ನೀವು ಗಾಬರಿಯಲ್ಲಿ ಬಲವಂತವಾಗಿ ಆರಿಸಿ ಮತ್ತೆ ಹಚ್ಚಿದಿರೋ ಏನೋ, ಬರೆದಿಲ್ಲ. ಮುಂದೆ ಹಾಗೆ ಮಾಡಬೇಡಿ.

ಇನ್ನೊಂದು ಗುಟ್ಟು. ನಿಮ್ಮ ಫೈಲ್‌ಗಳು ಎಕ್ಸ್ಟ್4 ಮೇಲಿದ್ದರೆ, ಆ ಫೈಲ್ ಸಿಸ್ಟಂ ಸಾಮಾನ್ಯವಾಗಿ ಶೇ. 5ರಷ್ಟು ಜಾಗವನ್ನು ರೂಟ್ ಎಂಬ ಆಡಳಿತಗಾರ ಬಳಕೆದಾರನಿಗೆಂದು ತೆಗೆದಿಟ್ಟಿರುತ್ತದೆ. ಉಬುಂಟುವಿನಲ್ಲಿ ಕ್ಯೂಎಮು ರೂಟ್ ಆಗಿ ಓಡುವುದಿಲ್ಲ, ಆದ್ದರಿಂದ ಆ ಜಾಗ ಅದರ ಕೈಗೆ ಸಿಗದು. 4 ಟಿಬಿಯಲ್ಲಿ ಶೇ. 5 ಎಂದರೆ 200 ಜಿಬಿ! ಬರೀ ವಿಎಂ ಫೈಲ್‌ಗಳಿರುವ ಡಿಸ್ಕ್‌ಗೆ ಅಷ್ಟು ಮೀಸಲು ಬೇಕಿಲ್ಲ. ಟ್ಯೂನ್2ಎಫ್‌ಎಸ್ ಆದೇಶದಿಂದ ಅದನ್ನು ಶೇ. 1ಕ್ಕೆ ಇಳಿಸಿದರೆ ಯಾವುದನ್ನೂ ಅಳಿಸದೆ ಸುಮಾರು 160 ಜಿಬಿ ಕೈಗೆ ಬರುತ್ತದೆ. ಆದರೆ ಇದನ್ನು ಮೊದಲೇ ಖರ್ಚು ಮಾಡಬೇಡಿ. ನಡುರಾತ್ರಿ ಮತ್ತೊಮ್ಮೆ ಹಾಗಾದಾಗ ಉಪಯೋಗಕ್ಕೆ ಬರುವ ಗಂಟು ಅದು.

ಈಗ ನಿಮ್ಮ "ಶೇ. 90 ಆದರೆ ದೊಡ್ಡದು ಮಾಡು" ಎಂಬ ನಿಯಮವನ್ನು ನೋಡೋಣ. ನಮ್ಮ ಕಡೆಯವರಿಗೆ ಇದನ್ನು ಸುರಂಗದ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಗುಡ್ಡದ ಮುರಕಲ್ಲು ಕೊರೆದು ತಂದ ಒಂದು ಸುರಂಗದ ನೀರಿಗೆ ಆರು ಮನೆಯ ಟಾಂಕಿಗಳು. ಒಬ್ಬರ ಟಾಂಕಿ ಚಿಕ್ಕದಾಯಿತೆಂದು ದೊಡ್ಡದು ಕಟ್ಟಿಸಿದರೆ ಸುರಂಗದಲ್ಲಿ ಬರುವ ನೀರು ಹೆಚ್ಚುವುದಿಲ್ಲ. ಬೇಸಗೆಯಲ್ಲಿ ಕೊನೆಯ ಮನೆಯವರಿಗೆ ನೀರು ಇನ್ನೂ ಬೇಗ ನಿಲ್ಲುತ್ತದೆ. ನೀವು ಈಗಾಗಲೇ 4 ಟಿಬಿಯ ಸುರಂಗಕ್ಕೆ 6.5 ಟಿಬಿಯ ಟಾಂಕಿಗಳನ್ನು ಕಟ್ಟಿಸಿದ್ದೀರಿ. ಅದೇನೂ ಮಹಾಪರಾಧವಲ್ಲ, ಎಲ್ಲರೂ ಮಾಡುತ್ತಾರೆ, ನಾನೂ ಮಾಡಿದ್ದೇನೆ. ಆದರೆ ಹಾಗೆ ಮಾಡಿದ ಮೇಲೆ ಸುರಂಗದ ಬಾಯಿಗೆ ಒಂದು ಕಣ್ಣು ಇಟ್ಟಿರಬೇಕು. ಬೆಳೆಸುವ ಸ್ಕ್ರಿಪ್ಟ್ ವಿಎಂನ ಒಳಗನ್ನು ಮಾತ್ರ ನೋಡಿ ಬೆಳೆಸುತ್ತಾ ಹೋದರೆ, ಹೊರಗಿನ ಡಿಸ್ಕ್ ಇನ್ನೂ ಬೇಗ ತುಂಬಿಹೋಗುತ್ತದೆ.

ಆದ್ದರಿಂದ ಮೊದಲು ಯಾಂತ್ರೀಕರಿಸಬೇಕಾದದ್ದು ನೋಟವನ್ನು. ಪ್ರತಿ ವಿಎಂಗೆ ಮೂರು ಅಂಕಿಗಳು ಬೇಕು: ಕೊಡುತ್ತೇವೆಂದು ಹೇಳಿದ ಗಾತ್ರ, ಹೋಸ್ಟ್‌ನಲ್ಲಿ ನಿಜವಾಗಿ ನುಂಗಿರುವ ಗಾತ್ರ, ವಿಎಂ ಒಳಗಿನ ಫೈಲ್ ಸಿಸ್ಟಂ ತಾನು ಬಳಸುತ್ತಿರುವುದಾಗಿ ಹೇಳುವ ಗಾತ್ರ. ಮೊದಲೆರಡು ವಿರ್ಶ್‌ನ ಡೊಮ್‌ಬ್ಲಕ್‌ಇನ್ಫೋದಿಂದ ಸಿಗುತ್ತವೆ. ಮೂರನೆಯದಕ್ಕೆ ಪ್ರತಿ ವಿಎಂನಲ್ಲಿ ಕ್ಯೂಎಮು ಗೆಸ್ಟ್ ಏಜೆಂಟ್, ಅಂದರೆ ಒಳಗಿನ ಸುದ್ದಿಯನ್ನು ಹೊರಗೆ ಹೇಳುವ ಸಣ್ಣ ತಂತ್ರಾಂಶ, ಹಾಕಿರಬೇಕು. ದಿನಕ್ಕೊಮ್ಮೆ ಈ ಅಂಕಿಗಳನ್ನು ದಿನಾಂಕದೊಂದಿಗೆ ಒಂದು ಸಾದಾ ಸಿಎಸ್‌ವಿ ಫೈಲ್‌ಗೆ ಸೇರಿಸುವ ಹತ್ತು ಸಾಲಿನ ಸ್ಕ್ರಿಪ್ಟ್, ಅದನ್ನು ಓಡಿಸಲು ಸಿಸ್ಟಂಡಿ ಟೈಮರ್. ಇಷ್ಟೇ ಸಾಕು. ಬಣ್ಣಬಣ್ಣದ ಗ್ರಾಫ್ ಬೇಕೆಂದಿದ್ದರೆ ಆಮೇಲೆ ಮಾಡಿಕೊಳ್ಳಿ. ಎರಡು ವಾರ ಕಳೆದ ಮೇಲೆ ಆ ಫೈಲ್ ತೆರೆದು ನೋಡಿದರೆ ಯಾವ ವಿಎಂ ದಿನಕ್ಕೆ ಎಷ್ಟು ತಿನ್ನುತ್ತದೆ ಎಂಬುದು ಕಣ್ಣಿಗೆ ಹೊಡೆಯುತ್ತದೆ.

ಎಚ್ಚರಿಕೆಯನ್ನು ಶೇಕಡದಲ್ಲಿ ಕಟ್ಟಬೇಡಿ, ದಿನಗಳಲ್ಲಿ ಕಟ್ಟಿ. 20 ಜಿಬಿಯ ಡಿಸ್ಕ್‌ನಲ್ಲಿ ಉಳಿದ ಶೇ. 10 ಎಂದರೆ 2 ಜಿಬಿ. ಒಂದು ಕೆಟ್ಟ ಲಾಗ್ ಫೈಲ್ ಅದನ್ನು ಮಧ್ಯಾಹ್ನದೊಳಗೆ ಮುಗಿಸುತ್ತದೆ. 2 ಟಿಬಿಯ ಡಿಸ್ಕ್‌ನಲ್ಲಿ ಅದೇ ಶೇ. 10 ಎಂದರೆ 200 ಜಿಬಿ, ವರ್ಷವಿಡೀ ಬಾಳಿಕೆ ಬಂದೀತು. "ಈ ವೇಗದಲ್ಲಿ ಹೋದರೆ ಇನ್ನು 9 ದಿನ" ಎಂದು ಬರುವ ಸಂದೇಶವನ್ನು ಮನುಷ್ಯ ಓದುತ್ತಾನೆ. "ಶೇ. 90" ಎಂದು ದಿನವೂ ಬರುವ ಸಂದೇಶವನ್ನು ಒಂದು ವಾರದ ನಂತರ ಯಾರೂ ಓದುವುದಿಲ್ಲ. ಹಾಗೆಯೇ ಐನೋಡ್‌ಗಳನ್ನೂ (ಪ್ರತಿ ಫೈಲ್‌ಗೆ ಒಂದರಂತೆ ಬೇಕಾಗುವ ದಾಖಲೆ) ಎಣಿಸಿ. ಎಕ್ಸ್ಟ್4ನಲ್ಲಿ ಅವುಗಳ ಸಂಖ್ಯೆ ಫಾರ್ಮ್ಯಾಟ್ ಮಾಡುವಾಗಲೇ ನಿಗದಿಯಾಗುತ್ತದೆ. ಮುದ್ರಣದ ಪುಟಗಳ ಲಕ್ಷಗಟ್ಟಲೆ ಪುಟ್ಟ ಚಿತ್ರಗಳಿರುವ ವಿಎಂನಲ್ಲಿ ಜಾಗವಿದ್ದೂ "ಜಾಗವಿಲ್ಲ" ಎಂಬ ಉತ್ತರ ಬಂದರೆ ಕಾರಣ ಅದೇ.

ಬೆಳೆಸುವ ಕೆಲಸಕ್ಕೆ ಬರೋಣ. ಓಡುತ್ತಿರುವ ವಿಎಂಗೆ ವಿರ್ಶ್‌ನ ಬ್ಲಾಕ್‌ರೀಸೈಜ್ ಸಾಕು, ನಿಲ್ಲಿಸಬೇಕಿಲ್ಲ. ಆದರೆ ಅದು ಮೊದಲ ಹೆಜ್ಜೆ ಮಾತ್ರ. ಡಿಸ್ಕ್ ದೊಡ್ಡದಾದ ಮೇಲೆ ಒಳಗೆ ಪಾರ್ಟಿಷನ್ (ಡಿಸ್ಕ್‌ನ ವಿಭಾಗ) ದೊಡ್ಡದಾಗಬೇಕು, ಎಲ್‌ವಿಎಂ (ಡಿಸ್ಕ್ ಜಾಗವನ್ನು ಹಂಚಿಕೊಡುವ ವ್ಯವಸ್ಥೆ) ಇದ್ದರೆ ಅದರ ಎರಡು ಪದರಗಳು ದೊಡ್ಡದಾಗಬೇಕು, ಕೊನೆಗೆ ಫೈಲ್ ಸಿಸ್ಟಂ ದೊಡ್ಡದಾಗಬೇಕು. ಎಕ್ಸ್ಟ್4 ಆದರೆ ರೀಸೈಜ್2ಎಫ್‌ಎಸ್, ಎಕ್ಸ್‌ಎಫ್‌ಎಸ್ ಆದರೆ ಅದರದೇ ಗ್ರೋಎಫ್‌ಎಸ್. ಈ ಸರಪಳಿಯ ನಡುವೆ ಸಿಕ್ಕಿಬೀಳುವುದು ಹೆಚ್ಚಾಗಿ ಪಾರ್ಟಿಷನ್‌ನಲ್ಲಿ. ರೂಟ್ ಪಾರ್ಟಿಷನ್‌ನ ಬೆನ್ನಿಗೇ ಸ್ವಾಪ್ ಪಾರ್ಟಿಷನ್ ಕೂತಿದ್ದರೆ ಮುಂದೆ ಬೆಳೆಯಲು ದಾರಿಯಿಲ್ಲ. ವಿಂಡೋಸ್ ವಿಎಂಗಳಲ್ಲಿ 'ಸಿ' ಡ್ರೈವ್‌ನ ಬೆನ್ನಿಗೇ ರಿಕವರಿ ಪಾರ್ಟಿಷನ್ ಅಡ್ಡ ಮಲಗಿರುವುದು ಮಾಮೂಲು. ನಿಮ್ಮ ಲೆಕ್ಕಪತ್ರದ ವಿಎಂ ವಿಂಡೋಸ್ ಆಗಿದ್ದರೆ ಅದನ್ನು ಸ್ಕ್ರಿಪ್ಟ್‌ನಿಂದ ಹೊರಗಿಡಿ, ಕೈಯಿಂದಲೇ ಮಾಡಿ. ಲಿನಕ್ಸ್ ವಿಎಂಗಳಲ್ಲಿ ನಾನು ವರ್ಷಗಳಿಂದ ಅನುಸರಿಸುವ ರೂಢಿಯೆಂದರೆ, ಆಪರೇಟಿಂಗ್ ಸಿಸ್ಟಂಗೆ ಒಂದು ಸಣ್ಣ ಡಿಸ್ಕ್, ದತ್ತಾಂಶಕ್ಕೆ ಬೇರೆಯೇ ಡಿಸ್ಕ್, ಆ ಎರಡನೆಯದಕ್ಕೆ ಪಾರ್ಟಿಷನ್ ಟೇಬಲ್ಲೇ ಇಲ್ಲದೆ ನೇರ ಫೈಲ್ ಸಿಸ್ಟಂ. ಆಗ ಬೆಳೆಸುವುದು ಹೊರಗೆ ಒಂದು ಆದೇಶ, ಒಳಗೆ ಒಂದು ಆದೇಶ.

ಬೇಲಿಗಳ ಮಾತು ಹೇಳಿದ್ದೆ. ಬ್ಲಾಕ್‌ರೀಸೈಜ್‌ಗೆ ಘಟಕ ಬರೆಯದೆ ಬರೀ ಅಂಕಿ ಕೊಟ್ಟರೆ ಅದನ್ನು ಕೆಬಿ ಎಂದು ತಿಳಿಯುತ್ತದೆ. "200" ಎಂದು ಬರೆದು 200 ಜಿಬಿ ಎಂದು ನೀವು ನಂಬಿರುತ್ತೀರಿ. ಆದ್ದರಿಂದ ಹೊಸ ಗಾತ್ರ ಈಗಿನದಕ್ಕಿಂತ ದೊಡ್ಡದಿದ್ದರೆ ಮಾತ್ರ ಮುಂದುವರಿ ಎಂಬ ಪರೀಕ್ಷೆ ಸ್ಕ್ರಿಪ್ಟ್‌ನ ಮೊದಲ ಸಾಲುಗಳಲ್ಲೇ ಇರಲಿ. ಕುಗ್ಗಿಸುವ ದಾರಿ ಸ್ಕ್ರಿಪ್ಟ್‌ನಲ್ಲಿ ಇರಲೇಬಾರದು. ಕ್ಯೂಎಮು-ಇಮೇಜ್ ಕೂಡ ಕುಗ್ಗಿಸಬೇಕಾದರೆ 'ಶ್ರಿಂಕ್' ಎಂದು ಬಾಯಿಬಿಟ್ಟು ಹೇಳಿಸಿಕೊಳ್ಳುತ್ತದೆ, ಎಕ್ಸ್‌ಎಫ್‌ಎಸ್ ಅನ್ನಂತೂ ಹಿಂಡಿ ಚಿಕ್ಕದು ಮಾಡುವ ಭರವಸೆಯನ್ನೇ ಇಟ್ಟುಕೊಳ್ಳಬೇಡಿ. ಮತ್ತೆ, ಪ್ರತಿ ವಿಎಂಗೆ ಒಂದು ಗರಿಷ್ಠ ಮಿತಿ, ವಾರಕ್ಕೆ ಒಂದೇ ಸಲ, ಹೋಸ್ಟ್‌ನಲ್ಲಿ ಕನಿಷ್ಠ 400 ಜಿಬಿ ಉಳಿಯುವುದಿದ್ದರೆ ಮಾತ್ರ. ಮಿತಿ ತಲುಪಿದ ಮೇಲೆ ಸ್ಕ್ರಿಪ್ಟ್ ನಿಮ್ಮನ್ನು ಕರೆಯಲಿ, ತಾನು ಸುಮ್ಮನಿರಲಿ. ಒಂದೇ ವಾರದಲ್ಲಿ ಎರಡು ಸಲ ಬೆಳೆಯಲು ಕೇಳುವ ವಿಎಂನಲ್ಲಿ ಯಾವುದೋ ಲಾಗ್ ಹುಚ್ಚೆದ್ದಿರುತ್ತದೆ, ಇಲ್ಲವೇ ಯಾರೋ ಮದುವೆಯ ವೀಡಿಯೊ ತಂದು ಸುರಿದಿರುತ್ತಾರೆ. ಇನ್ನಷ್ಟು ಜಾಗ ಕೊಟ್ಟರೆ ಅದು ಬಯಲಾಗುವುದು ತಡವಾಗುತ್ತದೆ.

ಜಾಗ ಮರಳಿ ಪಡೆಯುವುದನ್ನು ಮಾತ್ರ ಧೈರ್ಯವಾಗಿ ಯಂತ್ರಕ್ಕೆ ಬಿಡಬಹುದು. ವಿಎಂ ಒಳಗೆ ಫೈಲ್ ಅಳಿಸಿದ ಮಾತ್ರಕ್ಕೆ ಹೋಸ್ಟ್‌ಗೆ ಆ ಜಾಗ ಬರುವುದಿಲ್ಲ. ವಿಎಂನ ಸಂರಚನೆಯ ಎಕ್ಸ್‌ಎಂಎಲ್ ಫೈಲ್‌ನಲ್ಲಿ ಆ ಡಿಸ್ಕ್‌ಗೆ 'ಡಿಸ್ಕಾರ್ಡ್' ಎಂಬಲ್ಲಿ 'ಅನ್‌ಮ್ಯಾಪ್' ಎಂದು ಬರೆದು, ಒಳಗೆ ವಾರಕ್ಕೊಮ್ಮೆ ಎಫ್‌ಎಸ್‌ಟ್ರಿಮ್ (ಖಾಲಿ ಜಾಗವನ್ನು ಡಿಸ್ಕ್‌ಗೆ ತಿಳಿಸುವ ಆದೇಶ) ಓಡಿದರೆ ಮಾತ್ರ ಬಿಟ್ಟ ಜಾಗ ಹೊರಗೆ ಬರುತ್ತದೆ. ವರ್ಟಿಯೊ-ಬ್ಲಾಕ್ ಬಗೆಯ ವಿಎಂ ಡಿಸ್ಕ್‌ಗಳಿಗೆ ಈ ಸೌಲಭ್ಯ ಬಂದದ್ದು 2019ರಲ್ಲಿ, ಕ್ಯೂಎಮು 4.0 ಮತ್ತು ಲಿನಕ್ಸ್ 5.0ರೊಂದಿಗೆ. ಅದಕ್ಕಿಂತ ಹಳೆಯ ವಿಎಂ ಇದ್ದರೆ ವರ್ಟಿಯೊ-ಸ್ಕಸಿಗೆ ಬದಲಿಸಿಕೊಳ್ಳಿ. ಉಬುಂಟುವಿನಲ್ಲಿ ಎಫ್‌ಎಸ್‌ಟ್ರಿಮ್‌ನ ಟೈಮರ್ ಮೊದಲೇ ಇರುತ್ತದೆ, ವಾರದ ಲೆಕ್ಕದಲ್ಲಿ. ಹನ್ನೊಂದೂ ಒಟ್ಟಿಗೆ ಭಾನುವಾರ ನಡುರಾತ್ರಿ ಕಳೆದ ಕೂಡಲೇ ಡಿಸ್ಕ್ ಮೇಲೆ ಮುಗಿಬೀಳದಂತೆ ದಿನಗಳನ್ನು ಹಂಚಿ. ಆಮೇಲೆ ಎಲ್‌ಎಸ್ ಆದೇಶ ತೋರಿಸುವ ಗಾತ್ರ ಇಳಿಯಲಿಲ್ಲವೆಂದು ಬೇಸರಿಸಬೇಡಿ. ಫೈಲ್‌ನೊಳಗೆ ತೂತು ಬಿದ್ದಿರುತ್ತದೆ, ಹೊರಗಿನ ಅಳತೆ ಹಾಗೇ ಇರುತ್ತದೆ. ನಿಜ ಹೇಳುವುದು ಡಿಯು ಆದೇಶ.

ಈಗ ಸ್ನ್ಯಾಪ್‌ಶಾಟ್. ಇದನ್ನು ಹೇಳಲು ನನ್ನ ಒಂದು ತಪ್ಪನ್ನೇ ಹೇಳಿಕೊಳ್ಳಬೇಕಾಗುತ್ತದೆ.

ಹಲವು ವರ್ಷಗಳ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಒಂದು ಕಚೇರಿಯಲ್ಲಿ ನಿಮ್ಮಂತೆಯೇ ಯೋಚಿಸಿ, ವಿಎಂ ಫೈಲ್‌ಗಳ ಫೋಲ್ಡರ್‌ನಲ್ಲಿ 30 ದಿನದಿಂದ ಬದಲಾಗದ ಕ್ಯೂಕೌ2 ಫೈಲ್‌ಗಳನ್ನು ಹುಡುಕಿ ಅಳಿಸುವ ಒಂದೇ ಸಾಲನ್ನು, ನಿಗದಿತ ಹೊತ್ತಿಗೆ ಆದೇಶ ಓಡಿಸುವ ಕ್ರಾನ್‌ನಲ್ಲಿ ಹಾಕಿದೆ. ಬುದ್ಧಿವಂತಿಕೆಯ ಸಾಲು ಎಂದು ಆಗ ಅನ್ನಿಸಿತ್ತು. ಹೊರಗಿನ ಸ್ನ್ಯಾಪ್‌ಶಾಟ್ ತೆಗೆದಾಗ ಏನಾಗುತ್ತದೆ ನೋಡಿ: ಅದುವರೆಗಿನ ಮೂಲ ಫೈಲ್ ಅಲ್ಲಿಗೇ ಹೆಪ್ಪುಗಟ್ಟುತ್ತದೆ, ಮುಂದಿನ ಬರವಣಿಗೆಯೆಲ್ಲ ಹೊಸದೊಂದು ಮೇಲ್ಪದರದ ಫೈಲ್‌ಗೆ ಹೋಗುತ್ತದೆ. ಅಂದರೆ ತಿಂಗಳಿಂದ ಬದಲಾಗದೆ ಬಿದ್ದಿರುವ ಫೈಲ್ ಎಂದರೆ ಮನೆಯ ಪಂಚಾಂಗವೇ, ಅಂದರೆ ಅಡಿಪಾಯವೇ. ಮೇಲೆ ಗೋಡೆಗೆ ದಿನವೂ ಸುಣ್ಣ ಬಳಿಯುತ್ತಿದ್ದೇವೆ, ಕೆಳಗಿನ ಕಲ್ಲು ಹಳೆಯದಾಯಿತೆಂದು ನನ್ನ ಸ್ಕ್ರಿಪ್ಟ್ ಅದನ್ನು ಎತ್ತಿ ಎಸೆಯಿತು.

ಕೆಟ್ಟದ್ದೆಂದರೆ, ಆ ದಿನ ಏನೂ ಆಗಲಿಲ್ಲ. ತೆರೆದಿಟ್ಟುಕೊಂಡಿರುವ ಫೈಲ್‌ನ ಹೆಸರನ್ನು ಅಳಿಸಿದರೂ, ಹಿಡಿದವನು ಬಿಡುವವರೆಗೆ ಲಿನಕ್ಸ್ ಅದರ ಹೂರಣವನ್ನು ಇಟ್ಟುಕೊಂಡಿರುತ್ತದೆ. ಕ್ಯೂಎಮು ಹಿಡಿದುಕೊಂಡೇ ಇತ್ತು, ವಿಎಂ ನಡೆಯುತ್ತಲೇ ಇತ್ತು. ಅಷ್ಟು ದೊಡ್ಡ ಫೈಲ್ ಹೋಗಿಯೂ ಡಿಸ್ಕ್‌ನಲ್ಲಿ ಜಾಗ ಹೆಚ್ಚಾಗಿರಲಿಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ. ಹದಿನೈದು ದಿನ ಹಾಗೇ ನಡೆಯಿತು. ಪತ್ತನಾಜೆಯ ಆಸುಪಾಸಿನ, ಅಂದರೆ ಮೇ ಕೊನೆಯ ಹೊತ್ತಿನ, ಒಂದು ಸಂಜೆ ಗುಡುಗು ಮಿಂಚಿನೊಂದಿಗೆ ಕರೆಂಟು ಹೋಯಿತು, ಯುಪಿಎಸ್ ಕೈಕೊಟ್ಟಿತು. ಮತ್ತೆ ಬಂದಾಗ ವಿಎಂ ಏಳಲಿಲ್ಲ. ಆ ಹದಿನೈದು ದಿನಗಳಲ್ಲಿ ಯಾವಾಗಲಾದರೂ ಲ್ಸಾಫ್ ಆದೇಶದಲ್ಲಿ 'ಅಳಿಸಿದ ಆದರೆ ತೆರೆದಿರುವ' ಫೈಲ್‌ಗಳ ಪಟ್ಟಿ ನೋಡಿದ್ದರೆ ಓಡುತ್ತಿರುವ ತಂತ್ರಾಂಶಗಳ ವಿವರವಿರುವ ಪ್ರಾಕ್ ಫೋಲ್ಡರ್‌ನ ಮೂಲಕ ಆ ಫೈಲ್ ಅನ್ನು ನಕಲು ಮಾಡಿ ಉಳಿಸಬಹುದಿತ್ತು. ಕರೆಂಟು ಹೋದ ಕ್ಷಣಕ್ಕೆ ಆ ಬಾಗಿಲೂ ಮುಚ್ಚಿತು. ನಾಲ್ಕು ತಿಂಗಳು ಹಳೆಯ ಬ್ಯಾಕಪ್‌ನಿಂದ ಎತ್ತಬೇಕಾಯಿತು. ನಡುವಿನ ಲೆಕ್ಕವನ್ನು ಕಚೇರಿಯವರು ರಸೀದಿ ಪುಸ್ತಕಗಳಿಂದ ಮತ್ತೆ ಕೂಡಿಸಿದರು. ಅವರು ನನಗೆ ಚಹಾ ಕೊಡುವುದನ್ನು ನಿಲ್ಲಿಸಲಿಲ್ಲ. ಅದೇ ಹೆಚ್ಚು ನಾಚಿಕೆಯಾಯಿತು.

ಹಾಗಾದರೆ ಹಳೆಯ ಸ್ನ್ಯಾಪ್‌ಶಾಟ್ ತೆಗೆಯುವುದು ಹೇಗೆ? ಅಳಿಸುವುದಲ್ಲ, ಕೂಡಿಸುವುದು. ವಿರ್ಶ್‌ನ ಬ್ಲಾಕ್‌ಕಮಿಟ್ ಆದೇಶಕ್ಕೆ 'ಆ್ಯಕ್ಟಿವ್', 'ಪಿವಟ್' ಎಂಬ ಆಯ್ಕೆಗಳನ್ನು ಕೊಟ್ಟರೆ ಮೇಲ್ಪದರದಲ್ಲಿರುವುದನ್ನೆಲ್ಲ ಮೂಲ ಫೈಲ್‌ಗೆ ಇಳಿಸಿ, ಓಡುತ್ತಿರುವ ವಿಎಂ ಅನ್ನು ಮೂಲ ಫೈಲ್‌ಗೇ ಮರಳಿಸುತ್ತದೆ. ಆಮೇಲೆ ಡೊಮ್‌ಬ್ಲಕ್‌ಲಿಸ್ಟ್‌ನಲ್ಲಿ ವಿಎಂ ನಿಜವಾಗಿಯೂ ಮೂಲ ಫೈಲ್ ಹಿಡಿದಿದೆಯೇ ನೋಡಿ, ಬೇರೆ ಯಾವ ಫೈಲ್‌ನ ಸರಪಳಿಯಲ್ಲೂ ಆ ಮೇಲ್ಪದರದ ಹೆಸರಿಲ್ಲವೇ ಎಂದು ಕ್ಯೂಎಮು-ಇಮೇಜ್ ಇನ್ಫೋದಲ್ಲಿ ಖಚಿತಪಡಿಸಿಕೊಂಡು, ಆಗಲೂ ಅಳಿಸದೆ 'ಕಸ' ಎಂಬ ಫೋಲ್ಡರ್‌ಗೆ ಸರಿಸಿ ಒಂದು ವಾರ ಇಡಿ. ಸ್ಕ್ರಿಪ್ಟ್ ಇಲ್ಲಿಯವರೆಗೆ ಮಾಡಲಿ, ಕಸದ ಬುಟ್ಟಿಯನ್ನು ಸೋಮವಾರ ಬೆಳಿಗ್ಗೆ ನೀವೇ ಖಾಲಿ ಮಾಡಿ. ಕೂಡಿಸುವ ಕೆಲಸ ನಡೆಯುವಾಗ ಮೂಲ ಫೈಲ್ ಬೆಳೆಯಬಹುದು, ಮೇಲ್ಪದರ ಇನ್ನೂ ಇರುತ್ತದೆ, ಆದ್ದರಿಂದ ಹೋಸ್ಟ್ ತುಂಬಿದ ಮೇಲೆ ಕೂಡಿಸಲು ಹೊರಡಬೇಡಿ. ನಿಮ್ಮಲ್ಲಿ 30 ದಿನದ ಸ್ನ್ಯಾಪ್‌ಶಾಟ್ ಇದೆಯೆಂದರೆ ಅದನ್ನು ಬ್ಯಾಕಪ್ ಎಂದು ಭಾವಿಸಿದ್ದೀರಿ ಎಂದು ತೋರುತ್ತದೆ. ಅದೇ ಡಿಸ್ಕ್ ಮೇಲಿರುವ ಸ್ನ್ಯಾಪ್‌ಶಾಟ್ ಆ ಡಿಸ್ಕ್‌ನೊಂದಿಗೇ ಹೋಗುತ್ತದೆ. ತಂತ್ರಾಂಶ ನವೀಕರಿಸುವ ಮೊದಲು ಒಂದು ತೆಗೆದು ಮೂರು ದಿನದಲ್ಲಿ ಕೂಡಿಸಿ ಮುಗಿಸಿ, ಬ್ಯಾಕಪ್‌ಗೆ ಬೇರೆ ಯಂತ್ರ ಇಡಿ.

ಸ್ನ್ಯಾಪ್‌ಶಾಟ್ ತೆಗೆಯುವಾಗ ಗೆಸ್ಟ್ ಏಜೆಂಟ್‌ನಿಂದ ಫೈಲ್ ಸಿಸ್ಟಂ ಅನ್ನು ಕ್ಷಣಕಾಲ ತಡೆಹಿಡಿಯುವ 'ಕ್ವಯೆಸ್' ಆಯ್ಕೆ ಬಳಸಿ. ಸ್ಕ್ರಿಪ್ಟ್‌ನಲ್ಲಿ ನೀವೇ ತಡೆಹಿಡಿಯುವುದಿದ್ದರೆ, ನಡುವೆ ತಪ್ಪು ಬಂದರೂ ಬಿಡುಗಡೆ ಮಾಡುವ ಸಾಲು ಓಡಲೇಬೇಕು. ಶೆಲ್‌ನಲ್ಲಿ ಟ್ರ್ಯಾಪ್ ಇರುವುದೇ ಅದಕ್ಕೆ.

ಪರಿಕರ ಯಾವುದು ಎಂದು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. 11 ವಿಎಂಗಳಿಗೆ ಶೆಲ್ ಸ್ಕ್ರಿಪ್ಟ್ ಧಾರಾಳ. ಎರಡನೆಯ ಸರ್ವರ್ ಬಂದ ದಿನ, ಹಲವು ಸರ್ವರ್‌ಗಳನ್ನು ಒಟ್ಟಿಗೆ ನೋಡಿಕೊಳ್ಳುವ ಆನ್ಸಿಬಲ್ ನೋಡಿ. ಯಾರಾದರೂ ಎಲ್‌ವಿಎಂ ಥಿನ್ ಪೂಲ್‌ಗೆ (ಬೇಕಾದಾಗಲಷ್ಟೇ ಜಾಗ ಕೊಡುವ ವ್ಯವಸ್ಥೆಗೆ) ಬದಲಿಸು ಎಂದು ಹೇಳಿದರೆ ಒಂದು ನೆನಪಿಡಿ: ಅದರ ಸಂರಚನೆಯಲ್ಲಿ ತಾನಾಗಿ ಬೆಳೆಯುವ ಹೊಸ್ತಿಲು ಮೂಲತಃ 100 ಎಂದಿರುತ್ತದೆ, ಅಂದರೆ ಬೆಳೆಯುವುದೇ ಇಲ್ಲ. ಯಾವುದನ್ನು ಬಳಸಿದರೂ ಮೊದಲ ಎರಡು ವಾರ ಸ್ಕ್ರಿಪ್ಟ್ "ಹೀಗೆ ಮಾಡುತ್ತಿದ್ದೆ" ಎಂದು ಬರೆಯಲಿ, ಮಾಡದಿರಲಿ. ಎರಡು ಸ್ಕ್ರಿಪ್ಟ್‌ಗಳು ಒಂದೇ ವಿಎಂ ಮೇಲೆ ಬೀಳದಂತೆ ಎಫ್‌ಲಾಕ್‌ನಿಂದ ಬೀಗ ಹಾಕಿ.

ನಿಮ್ಮ ರೆಕಾರ್ಡಿಂಗ್‌ಗಳ ವಿಎಂ ಬಗ್ಗೆ ಒಂದು ಮಾತು. ಒಮ್ಮೆ ಬರೆದು ಮುಂದೆ ಓದುವುದಷ್ಟೇ ಇರುವ ವೀಡಿಯೊ, ಧ್ವನಿ ಫೈಲ್‌ಗಳಿಗೆ ಕ್ಯೂಕೌ2, ಸ್ನ್ಯಾಪ್‌ಶಾಟ್ ಯಾವುದೂ ಬೇಕಿಲ್ಲ. ಒಂದು ಬೇರೆ ಡಿಸ್ಕ್ ಕೊಂಡು, ಅದನ್ನು ಹಾಗೇ ಆ ವಿಎಂಗೆ ಒಪ್ಪಿಸಿ. ನೀವು ಬಣ್ಣಿಸಿದ 6.5 ಟಿಬಿಯಲ್ಲಿ ದೊಡ್ಡ ಪಾಲು ಅದರದೇ ಇರಬೇಕು. ಅದೊಂದು ಹೊರಗೆ ಹೋದರೆ ಈ ಉತ್ತರದ ಅರ್ಧದಷ್ಟು ನಿಮಗೆ ಬೇಕಾಗದೆಯೂ ಹೋದೀತು.

ಕೊನೆಗೆ ಕರೆಂಟು. ಸಿಸ್ಟಂಡಿ ಟೈಮರ್‌ನಲ್ಲಿ 'ಪರ್ಸಿಸ್ಟೆಂಟ್' ಎಂದು ಬರೆದರೆ ತಪ್ಪಿದ ಓಟವನ್ನು ಯಂತ್ರ ಎದ್ದ ಮೇಲೆ ಮಾಡಿ ಮುಗಿಸುತ್ತದೆ. ಬೆಳೆಸುವ ಸ್ಕ್ರಿಪ್ಟ್ ನಡುವೆ ನಿಂತರೆ ಅಪಾಯ ಕಡಿಮೆ: ಡಿಸ್ಕ್ ದೊಡ್ಡದಾಗಿ ಫೈಲ್ ಸಿಸ್ಟಂ ಹಳೆಯ ಗಾತ್ರದಲ್ಲೇ ಉಳಿದಿರುತ್ತದೆ, ಮತ್ತೆ ಓಡಿಸಿದರಾಯಿತು. ಬ್ಲಾಕ್‌ಕಮಿಟ್ ನಡುವೆ ನಿಂತರೂ ಗಾಬರಿಯಾಗಬೇಡಿ. ಪಿವಟ್ ಆಗುವ ಮೊದಲು ನಿಂತಿದ್ದರೆ ಮೇಲ್ಪದರ ಇಡಿಯಾಗಿ ಇರುತ್ತದೆ, ವಿಎಂ ಅದರ ಮೇಲೆಯೇ ಏಳುತ್ತದೆ, ಕೂಡಿಸುವುದನ್ನು ಮೊದಲಿಂದ ಶುರುಮಾಡಬಹುದು. ಆ ಸ್ಥಿತಿಯಲ್ಲಿ ಮೂಲ ಫೈಲ್‌ನಿಂದ ನೇರವಾಗಿ ವಿಎಂ ಹಚ್ಚುವುದು ಮಾತ್ರ ಬೇಡ, ಅದರಲ್ಲಿ ಅರ್ಧ ಹಳೆಯದು, ಅರ್ಧ ಹೊಸದು ಕಲಸಿಕೊಂಡಿರುತ್ತದೆ. ಯುಪಿಎಸ್‌ನ ಯುಎಸ್‌ಬಿ ತಂತಿಯನ್ನು ಸರ್ವರ್‌ಗೆ ಸಿಕ್ಕಿಸಿ, ಬ್ಯಾಟರಿಯ ಮೇಲೆ ಓಡುತ್ತಿರುವಾಗ ಯಾವ ಡಿಸ್ಕ್ ಕೆಲಸವೂ ಶುರುವಾಗದಂತೆ ಸ್ಕ್ರಿಪ್ಟ್‌ನ ತಲೆಯಲ್ಲೇ ಒಂದು ಪರೀಕ್ಷೆ ಇಡಿ. ಹೋಸ್ಟ್ ಆರುವಾಗ ವಿಎಂಗಳನ್ನು ಕ್ರಮವಾಗಿ ಮುಚ್ಚುವಂತೆ ಲಿಬ್‌ವರ್ಟ್-ಗೆಸ್ಟ್ಸ್ ಸೇವೆಯಲ್ಲಿ 'ಶಟ್‌ಡೌನ್' ಎಂದು ಬರೆದಿದೆಯೇ ನೋಡಿ. ಯುಪಿಎಸ್‌ನ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದನ್ನು ಮಳೆ ಶುರುವಾಗುವ ಮೊದಲೇ, ಕಚೇರಿಗೆ ರಜೆ ಇರುವ ಒಂದು ದಿನ, ವಿಎಂಗಳನ್ನೆಲ್ಲ ಓಡಿಸಿಟ್ಟು, ಗೋಡೆಯ ಸ್ವಿಚ್ಚು ಆರಿಸಿ ಗಡಿಯಾರ ಹಿಡಿದು ಅಳೆಯಿರಿ.